ಇಪ್ಪತ್ತಕ್ಕೆ ಹನ್ನೊಂದು

ಹದಿನಾಲ್ಕು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವರ ಬಗ್ಗೆ ಬರೆಯುತ್ತಿದ್ದೇನೆ. ಅವರು ಇಂಥದ್ದೊಂದು ಮಾಡಿಯಾರು ಎಂದು ಬೇರೆ ಯಾರಾದರೂ ಬಂದು ಹೇಳಿದ್ದರೆ, ಹೇಳಿದವರಿಗೇ ನಾಲ್ಕು ಮಾತು ಅಂದು ಕಳಿಸುತ್ತಿದ್ದೆ. ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ಎರಡು ಕಡೆ ನನ್ನದೇ ಸಹಿ ನೋಡಿದ ಮೇಲೂ ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಬರೆದಾದರೂ ಬರುತ್ತದೆಯೋ ನೋಡೋಣ.

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಸ್ಕೇಲು ಮೇಡಂ. ಹೊಡೆಯುತ್ತಿದ್ದರು ಅಂತಲ್ಲ, ಜನ್ಮದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಅವರ ಅಳತೆ ಯಾರಿಗೂ ಉದ್ದವಾಗುವುದಿಲ್ಲ, ಯಾರಿಗೂ ಗಿಡ್ಡವಾಗುವುದಿಲ್ಲ ಎಂದು ಆ ಹೆಸರು. ಒಮ್ಮೆ ಪ್ರಾಂಶುಪಾಲರ ತಮ್ಮನ ಮಗನಿಗೆ ಅರ್ಧ ಅಂಕದಲ್ಲಿ ದರ್ಜೆ ತಪ್ಪಿತು. ಪ್ರಾಂಶುಪಾಲರು ಸ್ವತಃ ಸ್ಟಾಫ್ ರೂಮಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಹವಾಮಾನದಿಂದ ಶುರುಮಾಡಿ ಆ ಅರ್ಧ ಅಂಕದ ತನಕ ಬಂದರು. ಮೇಡಂ ಉತ್ತರಪತ್ರಿಕೆ ತೆಗೆದು ಇನ್ನೊಮ್ಮೆ ನೋಡಿ, ಈ ತಪ್ಪು ಮೊದಲು ಗಮನಿಸಿರಲಿಲ್ಲ ಎಂದು ಇನ್ನೂ ಅರ್ಧ ಅಂಕ ಕಳೆದು ಕಳಿಸಿದರು. ಆಮೇಲೆ ಆ ಕುರ್ಚಿಯಲ್ಲಿ ಅಂಕ ಕೇಳಲು ಯಾರೂ ಕೂರಲಿಲ್ಲ.

ನಾನೂ ಗಣಿತದವನೇ. ನಮ್ಮದು ವಿಶ್ವವಿದ್ಯಾಲಯಕ್ಕೆ ಮುಂಚಿನ ಎರಡು ವರ್ಷದ ಡಿಪ್ಲೊಮಾ ಕಲಿಸುವ ಶಾಲೆ. ಇಲ್ಲಿ ಗಣಿತಕ್ಕೆ ಎರಡು ದಾರಿ. ಒಂದು ‘ವಿಶ್ಲೇಷಣೆ’, ಅಂದರೆ ಸೂತ್ರ, ಪ್ರಮೇಯದ ಸಾಧನೆ, ಕೈಬರಹದ ಲೆಕ್ಕ. ಇನ್ನೊಂದು ‘ಅನ್ವಯ’, ಅಂದರೆ ಅಂಕಿಅಂಶ, ನಕ್ಷೆ, ಕ್ಯಾಲ್ಕುಲೇಟರ್. ಒಂದೊಂದಕ್ಕೂ ಮೇಲಿನ ಹಂತ, ಸಾಮಾನ್ಯ ಹಂತ ಎಂದು ಎರಡೆರಡು ಮೆಟ್ಟಿಲು. ಅನ್ವಯ ನನ್ನ ಪಾಲು, ಅದಕ್ಕೇ ನಾನು ಕ್ಯಾಲ್ಕುಲೇಟರ್ ಸರ್. ನನ್ನ ವಿಷಯಕ್ಕೆ ಮೂಗು ಮುರಿಯುವವರ ಜತೆ ಜಗಳ ಆಡಿ ಆಡಿ ನನ್ನ ಅರ್ಧ ಆಯುಸ್ಸು ಹೋಗಿದೆ. ಮೇಡಂ ಮಾತ್ರ ಒಂದು ದಿನವೂ ಮೂಗು ಮುರಿದವರಲ್ಲ. ಅದಕ್ಕಾಗಿಯೇ ನನಗೆ ಅವರೆಂದರೆ ಒಂದು ತೂಕ ಹೆಚ್ಚು.

ಅವರ ಮಗಳು ನಮ್ಮಲ್ಲೇ ಸೇರಿದಾಗ ಸಮಸ್ಯೆ ಶುರುವಾಯಿತು. ಹುಡುಗಿಗೆ ಬೇಕಾಗಿದ್ದದ್ದು ಒಂದೇ: ವಿಶ್ವವಿದ್ಯಾಲಯದಲ್ಲಿ ಗಣಿತ ಓದುವುದು. ಇಂಜಿನಿಯರಿಂಗ್ ಅಲ್ಲ, ಲೆಕ್ಕಪತ್ರ ಅಲ್ಲ, ಬರೀ ಗಣಿತ. ಆ ಸೀಟಿಗೆ ವಿಶ್ಲೇಷಣೆಯ ಮೇಲಿನ ಹಂತ ಕಡ್ಡಾಯ, ಅದರಲ್ಲಿ ಏಳಕ್ಕೆ ಆರಾದರೂ ಬರಬೇಕು. ಸಾಮಾನ್ಯ ಹಂತದಲ್ಲಿ ಏಳಕ್ಕೆ ಏಳು ತಂದರೂ ಅರ್ಜಿ ಒಳಗೆ ಹೋಗುವುದಿಲ್ಲ. ನಮ್ಮ ಶಾಲೆಯಲ್ಲಿ ವಿಶ್ಲೇಷಣೆಯ ಮೇಲಿನ ಹಂತ ಕಲಿಸುವವರು ಒಬ್ಬರೇ, ಅವಳ ಅಮ್ಮ.

ಮೇಡಂ ಮೊದಲ ದಿನವೇ ಮಗಳಿಗೆ ನಿಯಮ ಹಾಕಿದರು. ಶಾಲೆಯಲ್ಲಿ ನಾನು ಮೇಡಂ, ಮನೆಯಲ್ಲಿ ಅಮ್ಮ. ಮನೆಯಲ್ಲಿ ಗಣಿತದ ಮಾತಿಲ್ಲ, ಶಾಲೆಯಲ್ಲಿ ಮನೆಯ ಮಾತಿಲ್ಲ. ಡೌಟಿದ್ದರೆ ಬೇರೆ ಮಕ್ಕಳಂತೆ ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲಿನಲ್ಲಿ ನಿಲ್ಲಬೇಕು. ಹುಡುಗಿ ಎರಡು ವರ್ಷ ಹಾಗೇ ನಿಂತಳು. ಊಟದ ಡಬ್ಬಿ ಬದಲಾಗಿ ಹೋದ ದಿನವೂ ಬಾಗಿಲಲ್ಲಿ ನಿಂತು, “ಮೇಡಂ, ಒಳಗೆ ಬರಬಹುದಾ?” ಎಂದು ಕೇಳಿಯೇ ಬಂದಳು. ನಾವೆಲ್ಲ ನಕ್ಕೆವು, ಅಮ್ಮ ಮಗಳು ಇಬ್ಬರೂ ನಗಲಿಲ್ಲ.

ಮಗಳಿಗೆ ಬೇಕಾದ ಅರ್ಜಿ, ರಜೆಚೀಟಿ, ಫಾರಂಗಳಿಗೆ ಗಣಿತ ಶಿಕ್ಷಕರ ಸಹಿ ಬೇಕಾದಾಗ ನಾನು ಹಾಕಬೇಕು ಎಂದೂ ಮೇಡಂ ಪ್ರಾಂಶುಪಾಲರ ಹತ್ತಿರ ಬರೆಸಿಕೊಂಡರು. ಅವರ ಪ್ರಾಮಾಣಿಕತೆಗೆ ನಾನು ಬೆರಗಾದೆ. ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೊದಲ ವರ್ಷದ ಕೊನೆಯಲ್ಲಿ ತರಗತಿಯ ಪರೀಕ್ಷೆಯೊಂದರಲ್ಲಿ ಮಗಳೇ ಮೊದಲು ಬಂದಳು. ಪೋಷಕರ ಸಭೆಯ ದಿನ ಒಬ್ಬ ಹುಡುಗನ ತಂದೆ, ದಂತವೈದ್ಯ, ನಗುನಗುತ್ತಲೇ ಒಂದು ಮಾತು ಬಿಟ್ಟ. ಪ್ರಶ್ನೆ ತಯಾರಿಸುವವರು ಮನೆಯಲ್ಲೇ ಇದ್ದರೆ ನಮ್ಮ ಮಗನೂ ಮೊದಲು ಬರುತ್ತಿದ್ದ ಎಂದ. ಸುತ್ತ ಇದ್ದವರು ಕಿಸಕ್ಕೆಂದರು. ಮೇಡಂ ಮುಖ ಬಿಳುಚಿಕೊಂಡಿತು. ನಾನು ಆ ದಂತವೈದ್ಯನನ್ನು ಕಾರಿಡಾರಿಗೆ ಕರೆದೊಯ್ದು ಝಾಡಿಸಿದೆ, ಅದರಿಂದ ಏನೂ ಉಪಯೋಗವಾಗಲಿಲ್ಲ. ಆ ಮಾತು ಮೇಡಂ ಒಳಗೆ ಹೋಗಿ ಕೂತಾಗಿತ್ತು. ಎಷ್ಟು ಆಳಕ್ಕೆ ಹೋಗಿ ಕೂತಿದೆ ಎಂದು ನನಗೆ ಅಂದಾಜಿರಲಿಲ್ಲ.

ಈಗ ಅನ್ವೇಷಣೆಯ ವಿಷಯ ಹೇಳಬೇಕು. ಪ್ರತಿ ವಿದ್ಯಾರ್ಥಿ ತಾನೇ ಒಂದು ಪ್ರಶ್ನೆ ಹುಡುಕಿಕೊಂಡು, ಅದಕ್ಕೆ ಗಣಿತ ಹಚ್ಚಿ, ಹದಿನೈದು ಇಪ್ಪತ್ತು ಪುಟ ಬರೆಯಬೇಕು. ಅದಕ್ಕೆ ಇಪ್ಪತ್ತು ಅಂಕ, ಒಟ್ಟು ಫಲಿತಾಂಶದಲ್ಲಿ ಐದನೇ ಒಂದು ಭಾಗ. ಅಂಕ ಹಾಕುವವರು ಪಾಠ ಮಾಡಿದ ಶಿಕ್ಷಕರೇ. ಅದೇ ವಿಷಯದ ಇನ್ನೊಬ್ಬ ಶಿಕ್ಷಕ ಎರಡನೇ ಓದು ಓದಿ, ಒಪ್ಪಿದ್ದೇನೆ ಎಂದು ಸಹಿ ಹಾಕಬೇಕು. ಆಮೇಲೆ ಪರೀಕ್ಷಾ ಮಂಡಳಿಯ ಕಂಪ್ಯೂಟರು ಐದು ಅನ್ವೇಷಣೆಗಳನ್ನು ಆರಿಸುತ್ತದೆ, ಅವನ್ನು ಮಾತ್ರ ಹೊರಗಿನವರು ಓದುತ್ತಾರೆ. ಉಳಿದವಕ್ಕೆ ಶಿಕ್ಷಕರ ಮಾತೇ ಕೊನೆಯ ಮಾತು.

ಪ್ರಾಂಶುಪಾಲರು ನನ್ನನ್ನು ಕರೆದು, ಮೇಡಂ ಮಗಳ ಅನ್ವೇಷಣೆಗೆ ನೀವೇ ಅಂಕ ಹಾಕಿಬಿಡಿ, ಯಾರ ಬಾಯಿಗೂ ಆಹಾರ ಆಗುವುದು ಬೇಡ ಎಂದರು. ನನ್ನ ಮುಂದೆ ನನ್ನದೇ ಮೂವತ್ತೊಂದು ಅನ್ವೇಷಣೆಗಳ ರಾಶಿ ಬಿದ್ದಿತ್ತು. ಸ್ಕೇಲು ಮೇಡಂಗಿಂತ ನೆಟ್ಟಗೆ ಅಂಕ ಹಾಕುವವರು ಈ ಕಟ್ಟಡದಲ್ಲಿ ಯಾರಿದ್ದಾರೆ ಸರ್, ನಾನು ಹಾಕಿದರೆ ಅವರಿಗೇ ಅವಮಾನ ಎಂದು ದೊಡ್ಡ ಮಾತಾಡಿ ಜಾರಿಕೊಂಡೆ. ಜಾರಿಕೊಂಡದ್ದು ಸೋಮಾರಿತನಕ್ಕೆ. ಅದಕ್ಕೆ ಗೌರವದ ಅಂಗಿ ತೊಡಿಸಿದೆ, ಅಷ್ಟೆ.

ಎರಡನೇ ಓದಿನ ಸಹಿಯಿಂದ ಜಾರಿಕೊಳ್ಳುವಂತಿರಲಿಲ್ಲ. ಮೇಡಂ ಇಪ್ಪತ್ತಮೂರು ಅನ್ವೇಷಣೆಗಳನ್ನು ಕಟ್ಟುಕಟ್ಟಿ ನನ್ನ ಮೇಜಿನ ಮೇಲಿಟ್ಟರು, ಮೇಲೆ ಅಂಕಪಟ್ಟಿ. ನಾನು ಮೂರನ್ನು ತಿರುವಿ ನೋಡಿದೆ. ಮೂರರಲ್ಲೂ ಅವರ ಅಂಕಕ್ಕೂ ನನ್ನ ಅಂದಾಜಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ. ಉಳಿದ ಇಪ್ಪತ್ತಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ ಸಹಿ ಹಾಕಿದೆ. ಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಹನ್ನೊಂದು ಎಂದು ಕಂಡಾಗ ನನಗೆ ಆಶ್ಚರ್ಯವಾದದ್ದು ನಿಜ. ಪಾಪ, ಹುಡುಗಿ ಪರೀಕ್ಷೆಯಲ್ಲಿ ಚುರುಕು, ಸ್ವಂತ ಬರವಣಿಗೆಯಲ್ಲಿ ಎಡವಿರಬೇಕು ಅಂದುಕೊಂಡೆ. ಅಮ್ಮನಾಗಿ ಹನ್ನೊಂದು ಹಾಕಿದ್ದಾರಲ್ಲ, ಎಂಥ ಗಟ್ಟಿ ಗುಂಡಿಗೆ ಎಂದು ಇನ್ನಷ್ಟು ಬೆರಗಾದೆ. ಪುಟ ಮಾತ್ರ ತಿರುವಲಿಲ್ಲ.

ತರಗತಿಗಳ ಕೊನೆಯ ದಿನ ಮಕ್ಕಳಿಗೆ ಅಂಕ ಮತ್ತು ಷರಾ ತೋರಿಸುವುದು ನಮ್ಮ ಪದ್ಧತಿ. ಅವತ್ತು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲಿತ್ತು. ಮಗಳ ಸರದಿ ಬಂತು. ಷರಾದ ಹಾಳೆ ಹಿಡಿದು ನಿಂತು, ಸ್ವಂತ ಯೋಚನೆ ಅಂದರೆ ಏನಿರಬೇಕಿತ್ತು ಮೇಡಂ ಎಂದು ಕೇಳಿದಳು. ಮೇಡಂ ತಲೆ ಎತ್ತಲಿಲ್ಲ, ಮುಂದೆ ಓದುತ್ತಾ ಗೊತ್ತಾಗುತ್ತದೆ ಎಂದರು. ಹುಡುಗಿ ಥ್ಯಾಂಕ್ಸ್ ಹೇಳಿ ಹೋದಳು. ನಾನು ಪಕ್ಕದಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆ.

ಅದಾಗಿ ಓದಿನ ರಜೆ. ಆ ರಜೆಯಲ್ಲಿ ಮೂರನೇ ವಾರವೋ ಏನೋ, ಮಗಳು ಒಂದು ಫಾರಂ ಹಿಡಿದು ನನ್ನ ಹತ್ತಿರ ಬಂದಳು. ಮೇಡಂ ಅವತ್ತು ಶಾಲೆಗೆ ಬಂದಿರಲಿಲ್ಲ. ನಮ್ಮ ಡಿಪ್ಲೊಮಾದಲ್ಲಿ ಪರೀಕ್ಷೆಗೆ ಮೂರು ವಾರ ಇರುವ ತನಕ ಮೇಲಿನ ಹಂತದಿಂದ ಸಾಮಾನ್ಯ ಹಂತಕ್ಕೆ ಇಳಿಯಬಹುದು. ಏರುವುದಕ್ಕೆ ಅವಕಾಶವಿಲ್ಲ, ಇಳಿಯುವುದಕ್ಕೆ ಮಾತ್ರ. ಫಾರಂನಲ್ಲಿ ಅವಳ ಅಪ್ಪನ ಸಹಿ ಆಗಲೇ ಇತ್ತು. ಅವರು ಲಿಫ್ಟ್ ರಿಪೇರಿ ಮಾಡುವವರು, ಮಾತು ಕಡಿಮೆ, ಶಾಲೆಯ ವಿಚಾರವೆಲ್ಲ ಹೆಂಡತಿಗೆ ಬಿಟ್ಟವರು.

ನಾನು ಫಾರಂ ನೋಡಿ, ಅಮ್ಮನಿಗೆ ಗೊತ್ತಾ ಎಂದು ಕೇಳಿದೆ.

“ಅಂಕ ಹಾಕಿದ್ದೇ ಅಮ್ಮ ಅಲ್ವಾ ಸರ್?” ಎಂದಳು.

ನನ್ನ ಕಿವಿಗೆ ಅದು ಹೌದು ಎಂದೇ ಕೇಳಿಸಿತು. ಅಪ್ಪನ ಸಹಿ ಇದೆ, ಅಮ್ಮ ನಿರ್ಧಾರ ಮಾಡಿದ್ದಾರೆ, ಈ ಮನೆಯವರ ವಿಷಯದಲ್ಲಿ ಮೂಗು ತೂರಿಸಲು ನಾನು ಯಾರು? ಗಣಿತದ ಸೀಟು ಬೇಡವೇನಮ್ಮ ಎಂದು ಒಂದು ಮಾತು ಕೇಳಬೇಕು ಅನ್ನಿಸಿತು. ಹುಡುಗಿ ಮುಜುಗರಪಟ್ಟಾಳು ಎಂದು ಸುಮ್ಮನಾದೆ. ಪೆನ್ನು ತೆಗೆದು ಸಹಿ ಹಾಕಿದೆ. ಅಪ್ಪ ಮಗಳನ್ನು ಏನು ಕೇಳಿದ್ದರು, ಅವಳು ಅವರಿಗೇನು ಹೇಳಿದ್ದಳು ಎನ್ನುವುದು ಆಮೇಲೆ ತಿಳಿಯಿತು. ಅಲ್ಲೂ ಇದೇ ಉತ್ತರ. ಅವಳು ಯಾರಿಗೂ ಸುಳ್ಳು ಹೇಳಿರಲಿಲ್ಲ.

ಗಣಿತಕ್ಕೆ ಮೂರು ಪೇಪರು. ಮೊದಲ ಎರಡನ್ನು ಎರಡೂ ಹಂತದವರು ಒಂದೇ ಕೋಣೆಯಲ್ಲಿ, ಬೇರೆ ಬೇರೆ ಪ್ರಶ್ನೆಪತ್ರಿಕೆಗೆ ಬರೆಯುತ್ತಾರೆ. ಮೂರನೆಯದು ಮೇಲಿನ ಹಂತದವರಿಗೆ ಮಾತ್ರ. ವಿಷಯದ ಶಿಕ್ಷಕರು ಪರೀಕ್ಷಾ ಕೋಣೆಯೊಳಗೆ ಕಾಲಿಡುವಂತಿಲ್ಲ. ಹೀಗಾಗಿ ಮೊದಲ ಎರಡು ದಿನ ಮಗಳು ಎಲ್ಲರ ಜತೆ ಒಳಗೆ ಹೋದಳು, ಎಲ್ಲರ ಜತೆ ಹೊರಗೆ ಬಂದಳು. ಅವಳ ಮುಂದೆ ಯಾವ ಪ್ರಶ್ನೆಪತ್ರಿಕೆ ಇತ್ತು ಎಂದು ಅಮ್ಮನಿಗೆ ಕಾಣಿಸಲಿಲ್ಲ. ಮನೆಯಲ್ಲಿ ಗಣಿತದ ಮಾತಿಲ್ಲವಲ್ಲ, ಅವರು ಕೇಳಲೂ ಇಲ್ಲ.

ಮೂರನೇ ಪೇಪರಿನ ದಿನ ನಾನು, ಮೇಡಂ ಇಬ್ಬರೂ ಕಾರಿಡಾರಿನಲ್ಲಿ ನಿಂತಿದ್ದೆವು. ಬಲಗಡೆ ಬೂಟು ಬಿಡುವ ಗೂಡುಗಳು, ಎಡಗಡೆ ಚೀಲಗಳ ರಾಶಿ, ಬಾಗಿಲ ಮೇಲೆ ಸದ್ದು ಮಾಡಬೇಡಿ ಎಂಬ ಹಲಗೆ. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋದರು. ಮೇಡಂ ಬೆರಳು ಮಡಚಿ ಎಣಿಸುತ್ತಿದ್ದರು. ಗಂಟೆ ಬಾರಿಸಿತು, ಬಾಗಿಲು ಮುಚ್ಚಿತು. ಅವರು ಚೀಲಗಳನ್ನು ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಇಪ್ಪತ್ತೆರಡು.

ಪರೀಕ್ಷಾ ಆಫೀಸಿನ ಗುಮಾಸ್ತೆ ಬಾಗಿಲ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಮೇಡಂ ಅವಳ ಹತ್ತಿರ ಹೋಗಿ, ನನ್ನ ವಿದ್ಯಾರ್ಥಿನಿಯೊಬ್ಬಳು ಬಂದಿಲ್ಲ ಎಂದರು. ಆ ಹೊತ್ತಿನಲ್ಲೂ ಮಗಳು ಅನ್ನಲಿಲ್ಲ. ಗುಮಾಸ್ತೆ ಪಟ್ಟಿ ನೋಡಿ, ಎಲ್ಲರೂ ಬಂದಿದ್ದಾರಲ್ಲ, ಪಟ್ಟಿಯಲ್ಲಿರುವುದೇ ಇಪ್ಪತ್ತೆರಡು ಎಂದಳು. ಆಮೇಲೆ ಮೇಡಂ ಮುಖ ನೋಡಿ ಅವಳಿಗೆ ಏನೋ ಹೊಳೆದಿರಬೇಕು. ಫೈಲು ಬಿಚ್ಚಿ ಫಾರಂ ತಿರುಗಿಸಿ ತೋರಿಸಿದಳು. ಅಪ್ಪನ ಸಹಿ. ಅದರ ಕೆಳಗೆ ನನ್ನದು.

ಮೇಡಂ ತಿರುಗಿ ನನ್ನನ್ನು ನೋಡಿದರು. ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಲು ಹೋದೆ. ಗೊತ್ತಿರಲಿಲ್ಲ ಎನ್ನುವುದು ಅವರ ಮುಖದ ಮೇಲೇ ಬರೆದಿತ್ತು. ಫಾರಂ ತಂದ ದಿನ ಹುಡುಗಿ ಹೇಳಿದ ಮಾತನ್ನು ಇದ್ದ ಹಾಗೇ ಒಪ್ಪಿಸಿದೆ. ಅಂಕ ಹಾಕಿದ್ದೇ ಅಮ್ಮ ಅಲ್ವಾ ಅಂದಳು ಎಂದಾಗ ಅವರು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತರು.

ಕೈಚೀಲದಿಂದ ಕಪಾಟಿನ ಬೀಗದಕೈ ತೆಗೆದು ನನ್ನ ಕೈಗಿಟ್ಟರು. ಅವಳ ಅನ್ವೇಷಣೆ ಓದಿ, ನನ್ನ ಹಾಳೆ ನೋಡಬೇಡಿ, ನಿಮಗೆ ಎಷ್ಟು ಅನ್ನಿಸುತ್ತದೋ ಹಾಕಿ ತನ್ನಿ ಎಂದರು. ಎರಡು ತಿಂಗಳ ಹಿಂದೆ ಮಾಡಬೇಕಿದ್ದ ಕೆಲಸವನ್ನು ಮಾಡಲು ನಾನು ಮೆಟ್ಟಿಲು ಹತ್ತಿದೆ.

ಹದಿನೆಂಟು ಪುಟ. ಹನ್ನೊಂದು ಮಹಡಿಯ ಕಟ್ಟಡದಲ್ಲಿ ಯಾರೂ ಕರೆಯದೆ ಖಾಲಿ ಇರುವಾಗ ಲಿಫ್ಟು ಯಾವ ಮಹಡಿಯಲ್ಲಿ ಕಾಯಬೇಕು ಎನ್ನುವುದು ಪ್ರಶ್ನೆ. ಅಪ್ಪ ನೋಡಿಕೊಳ್ಳುವ ಕಟ್ಟಡವೊಂದರಲ್ಲಿ ಹುಡುಗಿ ನಾಲ್ಕು ದಿನ ಗಡಿಯಾರ ಹಿಡಿದು ಕೂತು, ಆರುನೂರ ಹನ್ನೆರಡು ಕರೆಗಳನ್ನು ಬರೆದುಕೊಂಡಿದ್ದಳು. ಮೊದಲು ಎಲ್ಲರಂತೆ ಕರೆ ಬಂದ ಮಹಡಿಗಳ ಸರಾಸರಿ ತೆಗೆದಿದ್ದಳು. ನಾಲ್ಕನೇ ಮಹಡಿ ಬಂತು. ಆಮೇಲೆ ಸುಮ್ಮನಿರದೆ, ಲಿಫ್ಟು ಒಂದೊಂದು ಮಹಡಿಯಲ್ಲಿ ನಿಂತರೂ ಜನ ಒಟ್ಟು ಕಾಯುವ ಹೊತ್ತು ಎಷ್ಟೆಂದು ಕೂಡಿ ನೋಡಿದ್ದಳು. ಎರಡನೇ ಮಹಡಿಗೇ ಕಡಿಮೆ ಬಂತು. ನನ್ನ ಲೆಕ್ಕ ತಪ್ಪಿದೆ ಎಂದು ಮೂರು ದಿನ ಹುಡುಕಿದೆ, ತಪ್ಪಿದ್ದು ಲೆಕ್ಕವಲ್ಲ, ನನ್ನ ಊಹೆ ಎಂದು ಅವಳೇ ಬರೆದಿದ್ದಳು.

ಅದಾದ ಮೇಲಿನ ಪ್ಯಾರಾ ಓದಿ ನಾನು ಕನ್ನಡಕ ತೆಗೆದಿಟ್ಟೆ. ಲಿಫ್ಟನ್ನು ಒಂದು ಮಹಡಿ ಮೇಲಕ್ಕೆ ಸರಿಸಿದರೆ ಮೇಲಿನವರಿಗೆಲ್ಲ ಒಂದು ಮಹಡಿ ಲಾಭ, ಉಳಿದವರಿಗೆಲ್ಲ ಒಂದು ಮಹಡಿ ನಷ್ಟ. ಲಾಭವಾಗುವವರು ಹೆಚ್ಚಿರುವ ತನಕ ಸರಿಸುತ್ತಾ ಹೋಗಿ, ಎರಡೂ ಕಡೆ ಸಮವಾದಾಗ ನಿಲ್ಲಿಸಿ. ಹಾಗಾದರೆ ಬೇಕಾದ್ದು ಸರಾಸರಿಯಲ್ಲ, ಮಧ್ಯದಲ್ಲಿ ನಿಂತವನ ಮಹಡಿ. ಒಂದು ಸೂತ್ರವಿಲ್ಲ, ಒಂದು ಚಿಹ್ನೆಯಿಲ್ಲ, ಆದರೂ ಅಲ್ಲಾಡಿಸಲಾಗದ ಸಾಧನೆ. ಇದೇ ಸಂಗತಿಯನ್ನು ನಾನು ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ, ಇಷ್ಟು ಚೆನ್ನಾಗಿ ಒಂದು ದಿನವೂ ಹೇಳಿಲ್ಲ. ಅಲ್ಲಿಂದ ಮುಂದೆ ಎರಡು ಲಿಫ್ಟುಗಳಿದ್ದರೆ ಏನು ಮಾಡಬೇಕು ಎಂದು ಐದು ಪುಟ ಮೇಲಿನ ಹಂತದ ಗಣಿತ. ಒಂದು ಕಡೆ ಚಿತ್ರ ಗಲೀಜಾಗಿತ್ತು, ಇನ್ನೊಂದು ಕಡೆ ಒಂದು ಹೆಜ್ಜೆ ಹಾರಿಸಿದ್ದಳು. ಎಷ್ಟು ಹಿಂಜಿದರೂ ಹದಿನೇಳಕ್ಕಿಂತ ಕೆಳಗೆ ಬರಲಿಲ್ಲ.

ಆಮೇಲೆ ಮೇಡಂ ಬರೆದ ಹಾಳೆ ತೆಗೆದೆ. ಹನ್ನೊಂದು. ಷರಾದಲ್ಲಿ ಅವರ ಮುದ್ದಾದ ಅಕ್ಷರದಲ್ಲಿ ಒಂದೇ ಸಾಲು: ಶ್ರದ್ಧೆಯ ಕೆಲಸ, ಆದರೆ ಗಣಿತದಲ್ಲಿ ಸ್ವಂತ ಯೋಚನೆ ಕಾಣುವುದಿಲ್ಲ. ಅದರ ಕೆಳಗೆ, ಒಪ್ಪಿದ್ದೇನೆ ಎಂಬ ಕಡೆ, ನನ್ನ ಸಹಿ. ಸ್ವಂತ ಯೋಚನೆ ಬಿಟ್ಟರೆ ಬೇರೇನೂ ಇರದ ಹದಿನೆಂಟು ಪುಟದ ಕೆಳಗೆ, ಸ್ವಂತ ಯೋಚನೆ ಇಲ್ಲ ಎನ್ನುವುದಕ್ಕೆ ನಾನು ಸಾಕ್ಷಿ ಹಾಕಿದ್ದೆ.

ಹದಿನೇಳು ಎಂದು ಚೀಟಿಯಲ್ಲಿ ಬರೆದು ಕೆಳಗೆ ಒಯ್ದೆ. ಮೇಡಂ ಬೆಂಚಿನಿಂದ ಎದ್ದಿರಲಿಲ್ಲ. ಚೀಟಿ ನೋಡಿದರು.

“ನಾನೂ ಮೊದಲು ಅಷ್ಟೇ ಹಾಕಿದ್ದೆ,” ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಓದುವಾಗ ಎಡವಿದ್ದಾರೆ, ಅವಸರದಲ್ಲಿ ಏನೋ ತಪ್ಪಿದೆ ಎಂದು ನಾನು ಮೆಟ್ಟಿಲಿಳಿಯುತ್ತಾ ಅವರ ಪರವಾಗಿ ವಾದ ಕಟ್ಟಿಕೊಂಡು ಬಂದಿದ್ದೆ. ಅವರು ಎಡವಿರಲಿಲ್ಲ. ಪೆನ್ಸಿಲಿನಲ್ಲಿ ಹದಿನೇಳು ಬರೆದರಂತೆ. ಆ ತರಗತಿಯಲ್ಲಿ ಬೇರೆ ಯಾರಿಗೂ ಹದಿನಾರು ದಾಟಿರಲಿಲ್ಲ. ದಂತವೈದ್ಯನ ನಗು ಕಿವಿಯಲ್ಲಿ ಕೇಳಿಸಿತಂತೆ. ಅಳಿಸಿ ಹದಿನಾರು ಮಾಡಿದರು. ಸಮ ಬಂತು, ಅದಕ್ಕೂ ಮಾತಾಡುತ್ತಾರೆ. ಹದಿನಾಲ್ಕು ಮಾಡಿದರು. ಇವಳು ನನ್ನ ಮಗಳಲ್ಲದಿದ್ದರೆ ಎಷ್ಟು ಹಾಕುತ್ತಿದ್ದೆ ಎಂದು ತಮ್ಮನ್ನೇ ಕೇಳಿಕೊಂಡರು. ಆ ಉತ್ತರ ಮಾತ್ರ ಬರಲಿಲ್ಲ.

“ಗೊತ್ತಾಗದೇ ಇದ್ದಾಗ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೂರಿಸಿಬಿಟ್ಟೆ,” ಎಂದರು. ಅವರ ಇಪ್ಪತ್ತಮೂರು ಮಕ್ಕಳ ಅಂಕವನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಅಂಕ ಹನ್ನೊಂದು. ಅಂಕ ಹಾಕಿದ ಮೇಲೆ ಅದಕ್ಕೆ ಕಾರಣ ಬೇಕಲ್ಲ, ಆ ಷರಾ ಬರೆದರು. ಕಂಪ್ಯೂಟರು ಆರಿಸಿದ ಐದರಲ್ಲಿ ಮಗಳದ್ದು ಬರಲಿಲ್ಲ. ಬಂದಿದ್ದರೆ ಹೊರಗಿನವರು ಹಿಡಿಯುತ್ತಿದ್ದರು, ಬರಲಿ ಎಂದು ಹಾರೈಸಿದೆ, ಬರದಿರಲಿ ಎಂದೂ ಹಾರೈಸಿದೆ ಎಂದರು. ಹೇಗೂ ಲಿಖಿತ ಪೇಪರುಗಳಲ್ಲಿ ಅವಳು ಅದನ್ನು ತುಂಬಿಸಿಕೊಳ್ಳುತ್ತಾಳೆ, ಆರು ಬಂದೇ ಬರುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗೇ ಇತ್ತು. ಮಗಳು ಆ ಷರಾ ಓದುತ್ತಾಳೆ ಎನ್ನುವುದೊಂದು ಆ ಲೆಕ್ಕದಲ್ಲಿ ಇರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಪ್ರಾಂಶುಪಾಲರ ತಮ್ಮನ ಮಗನಿಗೆ ಅರ್ಧ ಅಂಕ ಕೊಡದ ಕೈ, ಇಲ್ಲಿ ಆರು ಅಂಕ ಕಿತ್ತುಕೊಂಡಿದೆ. ಕಿತ್ತುಕೊಂಡದ್ದಕ್ಕೆ ನಾನು ಗಟ್ಟಿ ಗುಂಡಿಗೆ ಎಂದು ಹೆಸರಿಟ್ಟು ಮೆಚ್ಚಿದ್ದೇನೆ. ಬಾಯಿಗೆ ಬಂದದ್ದನ್ನು ಅಂದುಬಿಡಬೇಕು ಎಂದು ಬಾಯಿ ತೆರೆದೆ. ಆ ಹಾಳೆಯ ಕೆಳಗಿನ ಸಹಿ ನೆನಪಾಗಿ ಮುಚ್ಚಿಕೊಂಡೆ.

ಮನೆಗೆ ಹೋಗೋಣ ಬನ್ನಿ ಎಂದರು. ನಾನು ಯಾಕೆ ಎಂದು ಕೇಳಲಿಲ್ಲ. ಮೂರನೇ ಪೇಪರು ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಇತ್ತು.

ಮನೆ ಹತ್ತು ನಿಮಿಷದ ದಾರಿ, ಇಸ್ತ್ರಿ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲಲ್ಲಿ ಮೇಡಂ ನಿಂತು, ಈಗ ಮಂಡಳಿಗೆ ಬರೆದರೆ ಏನಾಗುತ್ತದೆ ಎಂದು ಕೇಳಿದರು. ಅಂಕ ತಿದ್ದುವ ಗಡುವು ಮುಗಿದು ತಿಂಗಳಾಗಿತ್ತು, ಅದು ಅವರಿಗೂ ಗೊತ್ತಿತ್ತು. ಹಂತ ಏರುವುದಕ್ಕೆ ದಾರಿಯೇ ಇಲ್ಲ. ಮುಂದಿನ ವರ್ಷ ಮೊದಲಿಂದ ಪರೀಕ್ಷೆ ಕಟ್ಟಬೇಕು, ಅಷ್ಟೇ ಉಳಿದದ್ದು. ಬರೆಯುತ್ತೇನೆ, ನಾನೇ ಮಾಡಿದ್ದು ಅಂತ ಬರೆಯುತ್ತೇನೆ ಎಂದು ಮೇಲೆ ಹತ್ತಿದರು.

ಮಗಳು ಊಟದ ಮೇಜಿನ ಮೇಲೆ ಪುಸ್ತಕಗಳನ್ನು ವಿಂಗಡಿಸುತ್ತಿದ್ದಳು. ಮೇಲಿನ ಹಂತದವು ಒಂದು ಕಡೆ, ಅವಕ್ಕೆ ದಾರ ಕಟ್ಟಿಯಾಗಿತ್ತು, ಮುಂದಿನ ವರ್ಷದ ಮಕ್ಕಳಿಗೆ ಕೊಡಲು. ತಾನು ಉಳಿಸಿಕೊಳ್ಳುವ ಗಣಿತದ ಪುಸ್ತಕಗಳು ಇನ್ನೊಂದು ಕಡೆ. ಶಾಲೆಯ ಹೊತ್ತಿನಲ್ಲಿ ಅಮ್ಮ ಮನೆಗೆ ಬಂದದ್ದು ನೋಡಿ ಎದ್ದು ನಿಂತಳು. ನನ್ನನ್ನು ನೋಡಿ ಅವಳಿಗೆ ವಿಷಯ ತಿಳಿಯಿತು. ಹೇಳದೆ ಮಾಡಿದ್ದಕ್ಕೆ ಬೈಯುತ್ತಾರೆ ಎಂದುಕೊಂಡಳೋ ಏನೋ, ತಾನೇ ಮೊದಲು ಮಾತಾಡಿದಳು. ಮನೆಯಲ್ಲಿ ಗಣಿತದ ಮಾತು ಬೇಡ ಎಂದಿದ್ದೆಯಲ್ಲ, ಅದಕ್ಕೆ ಹೇಳಲಿಲ್ಲ ಎಂದಳು. ಅಂಕಿಅಂಶದ ಕೋರ್ಸಿಗೆ ಅರ್ಜಿ ಹಾಕಿದ್ದೇನೆ, ಅದಕ್ಕೆ ಸಾಮಾನ್ಯ ಹಂತ ಸಾಕು, ಬೇಜಾರಿಲ್ಲ ಎಂದಳು. ಬೇಜಾರಿಲ್ಲ ಎನ್ನುವುದನ್ನು ಎರಡು ಸಲ ಹೇಳಿದಳು.

“ಅದು ಹನ್ನೊಂದಲ್ಲ,” ಎಂದರು ಮೇಡಂ. “ಹದಿನೇಳು. ನಾನು ಬೇಕಂತಲೇ ಕಡಿಮೆ ಹಾಕಿದೆ.”

ನಿಂತಲ್ಲೇ ಎಲ್ಲವನ್ನೂ ಹೇಳಿದರು. ದಂತವೈದ್ಯನ ಮಾತು, ಪೆನ್ಸಿಲು, ಅಳಿಸಿದ್ದು, ಷರಾ ಬರೆದದ್ದು, ಒಂದನ್ನೂ ಬಿಡಲಿಲ್ಲ, ಒಂದಕ್ಕೂ ನೆಪ ಕೊಡಲಿಲ್ಲ. ಹುಡುಗಿ ಕುರ್ಚಿಯ ಬೆನ್ನು ಹಿಡಿದು ಕೇಳಿದಳು. ಅಳುತ್ತಾಳೆ ಎಂದು ಕಾದೆ, ಅಳಲಿಲ್ಲ. ಅವಳ ಮುಖದಲ್ಲಿ ಕಂಡದ್ದು ಬರೀ ಆಘಾತ, ಕಣ್ಣು ಪಿಳುಕಿಸುವುದನ್ನೂ ಮರೆತ ಹಾಗೆ.

“ಬೇರೆ ಯಾರು ಹನ್ನೊಂದು ಹಾಕಿದ್ರೂ ನಾನು ಬಿಡ್ತಿರಲಿಲ್ಲ ಅಮ್ಮ. ಜಗಳ ಆಡ್ತಿದ್ದೆ,” ಎಂದಳು. “ನೀನು ಹಾಕಿದ್ದು ಅಂತ ನಂಬಿದೆ.”

ನನಗೆ ತಡೆಯಲಾಗಲಿಲ್ಲ. ನಾನೂ ಈಗ ತಾನೇ ಪೂರ್ತಿ ಓದಿ ಬಂದೆನಮ್ಮ, ಹದಿನೇಳೇ, ಅದರಲ್ಲಿ ಎರಡು ಮಾತಿಲ್ಲ ಎಂದೆ. ಅವಳು ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಲಾಸಿನಲ್ಲಿ ಡೌಟು ಕೇಳುವಾಗ ಇದ್ದಷ್ಟೇ ಮರ್ಯಾದೆ ಇತ್ತು. ಅವತ್ತು ಹನ್ನೊಂದಕ್ಕೂ ನೀವೇ ಸಹಿ ಹಾಕಿದ್ದಿರಲ್ಲ ಸರ್ ಎಂದಳು.

ಮುಂದಿನ ವರ್ಷ ಮತ್ತೆ ಬರೆಯಬಹುದು, ನಾನು ಮಂಡಳಿಗೆ ಹೇಳುತ್ತೇನೆ, ಬೇರೆ ಶಾಲೆಯಲ್ಲಿ ಸೇರಿಸುತ್ತೇನೆ ಎಂದೆಲ್ಲ ಮೇಡಂ ಶುರುಮಾಡಿದರು. ಅಷ್ಟು ತೊದಲಿದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಮಗಳು ಕೈ ಎತ್ತಿ ತಡೆದಳು.

“ಅದು ಆಮೇಲೆ. ಈಗ ಒಂದೇ ಹೇಳು,” ಎಂದಳು. “ನನಗೆ ಗಣಿತ ಬರುತ್ತೋ ಇಲ್ವೋ, ಅಷ್ಟು ಗೊತ್ತಾಗಬೇಕು. ಹನ್ನೊಂದು ಸುಳ್ಳು ಅಂತಾಯ್ತು. ಹದಿನೇಳು ನಿಜ ಅಂತ ಯಾರನ್ನ ಕೇಳಲಿ?”

ಮೇಡಂ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಆ ಹದಿನೆಂಟು ಪುಟ ಓದಿದವರು ನಾವಿಬ್ಬರೇ. ಹುಡುಗಿ ನಮ್ಮಿಬ್ಬರ ಮುಖವನ್ನೂ ಒಂದು ಸಲ ನೋಡಿ, ಉಳಿದ ಪುಸ್ತಕಗಳಿಗೂ ದಾರ ಕಟ್ಟತೊಡಗಿದಳು.